ಜಾಲಿಗಿಡದ ಕೆಳಗಿನ ರೊಟ್ಟಿ

ಮೊದಲ ಹೆರಿಗೆಗೆ ತವರಿಗೆ ಬಂದ ಮಗಳನ್ನು ಕೂಸಿನ ಜೊತೆ ಗಂಡನ ಮನೆಗೆ ಕಳಿಸಿಕೊಟ್ಟರೆ ತಾಯಿಯ ಕೆಲಸ ಮುಗಿದ ಹಾಗೆ. ಬಾಳಮ್ಮನಿಗೆ ಆ ಕೆಲಸ ಅರ್ಧಕ್ಕೇ ನಿಂತಿತು. ಎಂಟನೇ ತಿಂಗಳಲ್ಲಿ ಕಾಜಲಳ ಕೂಸು ಹೊಟ್ಟೆಯೊಳಗೇ ತೀರಿಕೊಂಡಿತು. ಕುಲಾಯಿ, ದುಪಟಿ, ಬೆಳ್ಳಿ ಕಡಗ ಎಲ್ಲ ಟ್ರಂಕಿನೊಳಗೆ ಹೋದವು. ಕಾಜಲ ಒಳಕೋಣೆಯ ಹೊರಸಿನ ಮೇಲೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಅದು ಡಿಸೆಂಬರಿನ ಮೊದಲ ವಾರ. ಬಸವಕಲ್ಯಾಣದ ಆ ಗಲ್ಲಿಯಲ್ಲಿ ಕ್ರೈಸ್ತರ ಮನೆಗಳು ಹತ್ತು. ಆ ವರ್ಷ ಒಂಬತ್ತು ಮನೆಗಳ ಮೇಲೆ ಕ್ರಿಸ್ಮಸ್ ನಕ್ಷತ್ರ ಉರಿದವು.

ಬಾಳಮ್ಮ ಅತ್ತದ್ದು ಎರಡು ದಿನ. ಮೂರನೇ ದಿನ ಕೆಲಸಕ್ಕೆ ಹೋದಳು. ಸರಕಾರಿ ಶಾಲೆಯಲ್ಲಿ ಅವಳು ಬಿಸಿಯೂಟ ಮಾಡುವವಳು. ನೂರಾ ಅರವತ್ತು ಮಕ್ಕಳಿಗೆ ಅನ್ನ ಬೇಯಿಸಬೇಕು, ಬೇಳೆ ಕುದಿಸಬೇಕು, ಸಾಲಿನಲ್ಲಿ ನಿಂತ ಪ್ರತಿ ತಾಟಿಗೂ ಒಂದು ಸೌಟು ಹಾಕಬೇಕು. ಗಂಡ ತುಳಜಾರಾಮ ಲಾರಿಗಳ ಮೇಲೆ ಹೆಸರು, ಹೂವು, ನವಿಲು ಬರೆಯುವವನು. ಅವನು ಮೊದಲಿನಿಂದಲೂ ಮಾತಿಗೆ ಕಡಿಮೆ. ಈಗ ಮನೆಗೆ ಬಂದು ಕೈಗೆ ಹತ್ತಿದ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಒರೆಸುತ್ತ ಒಂದು ತಾಸು ಕೂರುವನು. ಒಂದು ತಾಸು ಒರೆಸುವಷ್ಟು ಬಣ್ಣ ಕೈಗೆ ಹತ್ತಿರುತ್ತಿರಲಿಲ್ಲ.

ಐತವಾರಕ್ಕೊಮ್ಮೆ ಅಳಿಯ ಅಶೋಕಕುಮಾರ ಹುಮನಾಬಾದಿನಿಂದ ಬಸ್ಸಿಗೆ ಬರುತ್ತಿದ್ದ. ಕಾರ್ಖಾನೆಯಲ್ಲಿ ಪಾಳಿ ಕೆಲಸ. ಕೈಯಲ್ಲಿ ಪೇರಲಹಣ್ಣಿನ ಚೀಲ.

"ಉಂಡಿ?" ಎಂದು ಹೆಂಡತಿಯನ್ನು ಕೇಳುವನು.

"ಹೂಂ."

"ಏನ್ ಉಂಡಿ?"

"ಉಂಡೀನಿ."

ಅಷ್ಟಕ್ಕೆ ಅವನ ಮಾತು ತೀರುತ್ತಿತ್ತು. ಹೊರಗೆ ಬಂದು ಮಾವನ ಜೊತೆ ಬಸ್ಸು ಎಷ್ಟು ತಡ ಮಾಡಿತೆಂಬ ಸುದ್ದಿ ಹೇಳಿ, ಚಹಾ ಕುಡಿದು, ನಾಲ್ಕರ ಬಸ್ಸಿಗೆ ವಾಪಸು ಹೋಗುವನು. ಕಾಜಲ ಉಂಡಿರುತ್ತಿರಲಿಲ್ಲ. ಎರಡು ಚಮಚ ಗಂಜಿ, ಅರ್ಧ ಕಪ್ ಚಹಾ, ಅಷ್ಟೇ ದಿನಪೂರ್ತಿ. ಪೇರಲಹಣ್ಣು ತಟ್ಟೆಯಲ್ಲೇ ಹಳದಿಯಾಗಿ, ಮೆತ್ತಗಾಗಿ, ಗಲ್ಲಿಯ ಆಡುಗಳಿಗೆ ಹೋಗುತ್ತಿದ್ದವು.

ಧೈರ್ಯ ಹೇಳುವವರಿಗೆ ಕೊರತೆಯಿರಲಿಲ್ಲ. ಚರ್ಚಿನ ಸಭೆಯ ಅಯ್ಯನವರು ಬಂದು, ಮಕ್ಕಳನ್ನೆಲ್ಲ ಕಳಕೊಂಡರೂ ದೇವರನ್ನು ಬಿಡದ ಯೋಬನ ಕಥೆ ಹೇಳಿದರು. ಸ್ತ್ರೀ ಸಮಾಜದವರು ದೇವರಲ್ಲಿ ಬೇಡಿ ಸಮುವೇಲನನ್ನು ಹಡೆದ ಹನ್ನಳ ಕಥೆ ಹೇಳಿದರು. ಮುಂದಿನ ವರ್ಷ ಸಮುವೇಲನಂಥ ಮಗನೇ ಬರುತ್ತಾನೆ ಎಂದರು. ಒಬ್ಬಾಕೆ ದಾವೀದ ರಾಜನ ಕಥೆ ತಂದಳು. ತನ್ನ ಕೂಸು ಸತ್ತ ಸುದ್ದಿ ಬಂದ ಕೂಡಲೇ ದಾವೀದ ನೆಲದಿಂದ ಎದ್ದ, ಮೈ ತೊಳೆದುಕೊಂಡ, ಊಟಕ್ಕೆ ಕೂತ. ನೀನೂ ಹಾಗೇ ಏಳಬೇಕವ್ವ ಎಂದಳು.

"ದಾವೀದ ಹಡದಿದ್ದಿಲ್ಲಲ್ಲ," ಎಂದಳು ಬಾಳಮ್ಮ. "ಅಂವಗ ಏಳೋದು ಹಗುರ."

ಆ ಹೆಂಗಸಿಗೆ ಸಿಟ್ಟು ಬಂತು. ಚಹಾ ಕುಡಿಯದೆ ಹೋದಳು.

ಹುಮನಾಬಾದಿನಿಂದ ಬೀಗತಿ ಯಶೋದಾಬಾಯಿಯ ಫೋನು ವಾರಕ್ಕೆರಡು ಸಲ. ಕೆಟ್ಟ ಹೆಂಗಸಲ್ಲ, ಆದರೆ ಎಲ್ಲಕ್ಕೂ ತಾರೀಖು ಬೇಕು ಅವಳಿಗೆ.

"ಬಾಳಮ್ಮಾರ, ನಮ್ಮ ಸೊಸಿ ಯಾವಾಗ ಬರ್ತಾಳ್ರಿ? ಮಂದಿ ಕೇಳಾಕತ್ತಾರ."

"ಇನ್ನಾ ಕಸುವಿಲ್ಲರಿ ಅಕಿಗಿ."

"ಮನಿಗಿ ಬಂದರ ಕಸುವು ತಾನೇ ಬರ್ತದ. ಫೆಬ್ರವರಿ ಎರಡನೇ ಐತವಾರ ನಾನೇ ಬರ್ತೀನಿ, ಕರಕೊಂಡು ಹೋಗ್ತೀನಿ. ಬ್ಯಾಗ್ ತುಂಬಿ ಇಡ್ರಿ."

ಬಾಳಮ್ಮ ಆ ಮಾತನ್ನು ಮಗಳಿಗೆ ಹೇಳಿದಳು. ಕಾಜಲ "ಹೂಂ" ಎಂದಳು. ಆಗಲೆಂದೋ ಒಲ್ಲೆನೆಂದೋ ಏನೂ ತಿಳಿಯಲಿಲ್ಲ.

ಜನವರಿಯಲ್ಲಿ ಮಗ ಸತೀಶಕುಮಾರ ಒಂದು ಉಪಾಯ ತಂದ. ಅವನು ಕಾಜಲಳಿಗಿಂತ ಮೂರು ವರ್ಷ ಚಿಕ್ಕವನು, ಮಾಲು ಸಾಗಿಸುವ ಆಟೊ ಓಡಿಸುತ್ತಾನೆ. ಎರಡು ವರ್ಷದಿಂದ ಊರ ಸಭೆ ಬಿಟ್ಟು ಹುಮನಾಬಾದಿನ ಒಂದು ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದ. ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಸಮಾಧಿಗೆ ಎತ್ತಿಕೊಂಡು ಹೋದವನು ಅವನೇ. ಹೋಗಿ ಬಂದ ಮೇಲೆ ಆಟೊದ ಹಾಡು ನಿಲ್ಲಿಸಿದ್ದ.

"ಅವ್ವಾ, ಇಪ್ಪತ್ತೊಂದು ದಿನ ಉಪವಾಸ ಪ್ರಾರ್ಥನಿ ಹಿಡಿಯೂಣು. ಮನಿ ಮಂದೆಲ್ಲ. ಅಕ್ಕನ ಸಲುವಾಗಿ. ಸಂಜಿ ಐದರ ತನಕ ಒಲಿ ಹಚ್ಚೂದಿಲ್ಲ."

"ನಾ ಬ್ರಷ್ ಹಿಡಿಯೋ ಮನಶಾ," ಎಂದ ತುಳಜಾರಾಮ. "ಕೈ ನಡಗಿದರ ಲಾರಿ ಮ್ಯಾಲಿನ ನವಿಲು ಕೋಳಿ ಆಗತದ."

"ನೀ ಚಹಾ ಕುಡಿ ಅಪ್ಪಾ. ನಿನಗ ಮಾಫ್."

ಬಾಳಮ್ಮ ಒಪ್ಪಿದಳು. ಏನಾದರೂ ಮಾಡಬೇಕಲ್ಲ, ಸುಮ್ಮನೆ ಕೂರುವುದಕ್ಕಿಂತ ಹಸಿದು ಕೂರುವುದು ವಾಸಿ ಎನಿಸಿತು. ಶಾಲೆಯಲ್ಲಿ ನೂರಾ ಅರವತ್ತು ತಾಟಿಗೆ ಬಡಿಸಿ, ತಾನು ನೀರು ಕುಡಿದು, ಪಾತ್ರೆ ತೊಳೆದು ಮನೆಗೆ ಬರುವಳು. ಐದಕ್ಕೆ ಸತೀಶ ಕೀರ್ತನೆ ಹಾಡಿ ಪ್ರಾರ್ಥನೆ ಮಾಡುವನು. ಆಮೇಲೆ ಒಲೆ, ಅನ್ನ, ಊಟ. ಕಾಜಲಳಿಗೆ ತಟ್ಟೆ ಹಾಕಿಕೊಟ್ಟರೆ ಹಾಗೇ ಇರುತ್ತಿತ್ತು.

ಉಪವಾಸದ ಐದನೇ ದಿನ ಸತೀಶ ಆ ತಟ್ಟೆಯನ್ನು ನೋಡುತ್ತ ನಿಂತ.

"ಅವ್ವಾ, ನಾವು ಐದಕ್ಕ ಬಿಡ್ತೀವಿ. ಅಕ್ಕ ಬಿಟ್ಟೇ ಇಲ್ಲ ನೋಡು. ಐದು ದಿನ ಆತು."

"ಅಕಿ ಮೊದಲಿಂದೂ ಹಂಗೇ ಅಲ್ಲೇನೋ."

"ಇಲ್ಲವ್ವಾ. ಅಕಿ ಕರ್ತನ ಪಾದ ಹಿಡದಾಳ. ಬಾಯಿ ಬಿಟ್ಟು ಹೇಳವಲ್ಲಳು ಅಷ್ಟ."

ಬಾಗಿಲಲ್ಲಿ ನಿಂತು ಫೋನಿನಲ್ಲಿ ಒಂದು ಫೋಟೊ ತೆಗೆದ. ಗೋಡೆಗೆ ಒರಗಿ, ಕಣ್ಣು ಅರೆ ಮುಚ್ಚಿ ಕೂತ ಕಾಜಲ. ತಲೆಯ ಮೇಲೆ ಸೆರಗು. ನೋಡಿದವರಿಗೆ ಪ್ರಾರ್ಥನೆಯಲ್ಲಿ ಮುಳುಗಿದ ಹಾಗೇ ಇತ್ತು. ಅದನ್ನು ಮಂದಿರದ ವಾಟ್ಸಾಪ್ ಗುಂಪಿಗೆ ಹಾಕಿದ: ನಮ್ಮ ಅಕ್ಕ ಇಂಥ ದುಃಖದಲ್ಲೂ ಅನ್ನ ಮುಟ್ಟದೆ ದೇವರ ಮುಂದೆ ಕೂತಿದ್ದಾಳೆ, ಅವಳಿಗಾಗಿ ಸ್ತೋತ್ರ ಹೇಳಿರಿ.

ಫೋಟೊ ಹಾಕಿದ ಮೂರನೇ ದಿನಕ್ಕೆ ಚಿಟಗುಪ್ಪದಿಂದ ಗಂಡ ಹೆಂಡತಿ ಬಂದರು. ಉಪವಾಸ ಕೂತ ತಂಗಿ ನಮಗಾಗಿ ಒಂದು ಮಾತು ಪ್ರಾರ್ಥನೆ ಮಾಡಲಿ ಎಂದರು. ಕಾಜಲ ಅವರನ್ನು ನೋಡಿದಳು. ಏನೂ ಹೇಳಲಿಲ್ಲ. ಅವರು ಅವಳ ಮುಂದೆ ಮಂಡಿಯೂರಿ ಅತ್ತು, ಸಮಾಧಾನದಿಂದ ಎದ್ದು ಹೋದರು. ಮರುದಿನ ನಿರ್ಣಾದಿಂದ ಒಬ್ಬ ಮುದುಕಿ ಕೊಬ್ಬರಿ ಎಣ್ಣೆಯ ಬಾಟಲಿ ತಂದಳು. ಮೊಣಕಾಲ ನೋವು. ಸತೀಶ ಅಕ್ಕನ ಕೈಯನ್ನು ಎತ್ತಿ ಬಾಟಲಿಯ ಮೇಲಿಟ್ಟ. ಇಟ್ಟಲ್ಲೇ ಕೈ ಇತ್ತು. ತೆಗೆಯುವ ತನಕ ಅವಳು ತೆಗೆಯಲಿಲ್ಲ. ಎರಡು ದಿನ ಬಿಟ್ಟು ಮುದುಕಿಯ ಮಗ ಫೋನು ಮಾಡಿದ: ನೋವು ಕಡಿಮೆಯಾಗಿದೆ.

ಆಮೇಲೆ ದಿನಾ ಮಂದಿ. ಮುಂಜಾನೆ ಹನ್ನೊಂದಕ್ಕೆ ಬಾಗಿಲ ಹೊರಗೆ ಆರೆಂಟು ಜೋಡಿ ಚಪ್ಪಲಿ.

ಬಾಳಮ್ಮನಿಗೆ ಅದು ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ ಹಿತವಾಗಿತ್ತು. ಒಂದು ತಿಂಗಳು ಎಲ್ಲರೂ ಅವಳನ್ನು ಕನಿಕರದಿಂದ ನೋಡಿದ್ದರು. ಈಗ ಬೇರೆ ತರಹ ನೋಡುತ್ತಿದ್ದರು. ದಾವೀದನ ಕಥೆ ಹೇಳಿ ಮುನಿದು ಹೋಗಿದ್ದ ಹೆಂಗಸು ಸಭೆಯಲ್ಲಿ ಸರಿದು ಮುಂದಿನ ಸಾಲಿನಲ್ಲಿ ಜಾಗ ಕೊಟ್ಟಳು. ಬಾಳಮ್ಮ ಶಾಲೆಯಿಂದ ಬಂದ ಕೂಡಲೇ ಒಗೆದ ಸೀರೆ ಉಟ್ಟು, ಇನ್ನೂ ಕೂತಿದ್ದವರಿಗೆ ನೀರು ಕೊಟ್ಟು, "ಏನ್ ಮಾಡೋದ್ರಿ, ದೇವರ ಕೃಪಾ," ಎನ್ನುವುದನ್ನು ಕಲಿತಳು.

ಪಕ್ಕದ ಮನೆಯ ಸಾಜಿದಾ ಇದನ್ನೆಲ್ಲ ನೋಡುತ್ತಿದ್ದಳು. ಸೀರೆಗೆ ಫಾಲ್ ಹಚ್ಚುವವಳು, ಹೊಲಿಗೆ ಯಂತ್ರ ಬಾಗಿಲಲ್ಲೇ. ಉಪವಾಸದ ಹದಿನೈದನೇ ದಿನ ನಲ್ಲಿಯ ಹತ್ತಿರ ಬಾಳಮ್ಮನನ್ನು ನಿಲ್ಲಿಸಿದಳು.

"ಬಾಳಮ್ಮಾ, ಒಂದ ಮಾತ ಕೇಳ್ತೀನಿ, ಗುಸ್ಸಾ ಆಗಬ್ಯಾಡ."

"ಕೇಳು."

"ನಾವೂ ರೋಜಾ ಉಪವಾಸ ಹಿಡೀತೀವಿ. ಹೊತ್ತ ಮುಳುಗಿತಂದ್ರ ಮೊದಲ ಖಜೂರ ಬಾಯಾಗ, ಆಮ್ಯಾಲ ಮಾತ. ನಿನ್ನ ಮಗಳ ರೋಜಾ ಯಾವಾಗ ಬಿಡತದ?"

"ಅಕಿದು ಬ್ಯಾರೆ ನಮೂನಿದು ಸಾಜಿದಾ."

"ಏನ್ ಬ್ಯಾರೆ? ಪೋರಿ ಮಾರಿ ನೋಡೀಯೇನ ನೀ? ಮಂದಿ ಮಾರಿ ನೋಡಾಕತ್ತಿ ಬರೇ."

ಬಾಳಮ್ಮ ಕೊಡ ಎತ್ತಿಕೊಂಡು ಬಂದಳು. ಹಂಡೆ ಕಾಯಿಸಿ, ಮಗಳನ್ನು ಬಚ್ಚಲಿಗೆ ಕರೆದೊಯ್ದು ಕೂರಿಸಿದಳು. ಬೆನ್ನ ಮೇಲೆ ನೀರು ಹಾಕಿದಾಗ ಎಲುಬುಗಳ ನಡುವೆ ನೀರು ಕಾಲುವೆ ಮಾಡಿಕೊಂಡು ಇಳಿಯಿತು. ಮದುವೆಯಲ್ಲಿ ಸೋಪು ಹಚ್ಚಿ ತೊಡಿಸಿದ ಬಳೆ ಈಗ ಮೊಣಕೈವರೆಗೆ ಸರಿದಾಡುತ್ತಿತ್ತು.

"ಕಾಜಲಾ."

"ಹೂಂ."

"ನೀ ಉಪವಾಸ ಹಿಡದೀಯೇನವ್ವ?"

"ಇಲ್ಲ."

"ಮತ್ತ?"

"ಬಾಯಿಗಿ ಹೋಗವಲ್ದು."

ಬಾಳಮ್ಮನ ಕೈಯಲ್ಲಿ ಚೆಂಬು ನಿಂತಿತು. "ಇಷ್ಟ ಮಂದಿ ಬಂದ ಹೋದರು. ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

ಮೈ ಒರೆಸಿ, ಸೀರೆ ಉಡಿಸಿ, ಮಗಳನ್ನು ಹೊರಸಿಗೆ ಬಿಟ್ಟು ಬಾಳಮ್ಮ ಅಡುಗೆಮನೆಯಲ್ಲಿ ಕೂತಳು. ಅಳು ಬರಲಿಲ್ಲ. ನೂರಾ ಅರವತ್ತು ಮಕ್ಕಳಲ್ಲಿ ಯಾವುದು ಹಸಿದಿದೆ, ಯಾವುದು ಜ್ವರದಿಂದ ಒಲ್ಲೆನ್ನುತ್ತಿದೆ ಎಂದು ತಾಟು ಹಿಡಿದ ಕೈ ನೋಡಿಯೇ ಹೇಳಬಲ್ಲವಳು ತಾನು. ಮನೆಯ ಒಂದು ತಾಟು ಕಾಣಲಿಲ್ಲ.

ಸಂಜೆ ಐದಕ್ಕೆ ಸತೀಶ ಕೀರ್ತನೆಯ ಪುಸ್ತಕ ತೆಗೆದಾಗ ಅವಳು ಹೇಳಿದಳು:

"ನಾಳಿ ಮುಂಜಾನಿ ನಾ ಒಲಿ ಹಚ್ಚತೀನಿ."

"ಇನ್ನಾ ಆರು ದಿನ ಉಳದಾವ ಅವ್ವಾ!"

"ಅಕಿ ಉಪವಾಸ ಹಿಡದೇ ಇಲ್ಲೋ. ಕೇಳೀನಿ."

ಸತೀಶನ ಮುಖ ಸಣ್ಣದಾಯಿತು. "ಈಗ ನಡುವ ಬಿಟ್ಟರ ಹ್ಯಾಂಗ? ನಾ ಎಲ್ಲರ ಮುಂದ ಸಾಕ್ಷಿ ಹೇಳೀನಿ. ಮಂದಿ ಬಸ್ಸ ಹತ್ತಿ ಬರಾಕತ್ತಾರ. ಬೈಬಲ್ಲಿನ್ಯಾಗ ಸಂಕಟ ಬಂದಾಗ ಎಲ್ಲರೂ ಉಪವಾಸ ಮಾಡ್ಯಾರ."

"ಎಲ್ಲರೂ?"

"ಎಲ್ಲರೂ."

"ಎಲೀಯ?"

ಸತೀಶ ಕೀರ್ತನೆಯ ಪುಸ್ತಕ ಮುಚ್ಚಿದ. ಬಾಳಮ್ಮನಿಗೆ ಓದು ಬರುವುದಿಲ್ಲ. ಅವಳ ಬೈಬಲ್ಲು ಪೂರ್ತಿ ಕಿವಿಯಿಂದ ಬಂದದ್ದು. ಹುಡಗಿ ಎಂಬ ತವರೂರಿನಲ್ಲಿ ಅವಳು ಕೂಲಿಗೆ ಕಳೆ ತೆಗೆಯುವಾಗ ಮಿಶನ್ನಿನ ಒಬ್ಬ ಮುದುಕಿ ಸಾಲಿನಲ್ಲಿ ಜೊತೆಗೇ ಕೂತು ಕಳೆ ಕೀಳುತ್ತ ಕಥೆ ಹೇಳುತ್ತಿದ್ದಳು. ಒಂದು ಸಾಲಿಗೆ ಒಂದು ಕಥೆ.

"ಎಲೀಯ ಭಾರೀ ಪ್ರವಾದಿ," ಎಂದಳು ಬಾಳಮ್ಮ. "ಆಕಾಶದಿಂದ ಬೆಂಕಿ ಇಳಿಸಿದಾಂವ. ಅಂಥವನು ರಾಣಿ ಹೆದರಿಸಿದಳಂತ ಓಡಿ ಹೋಗಿ ಅಡವ್ಯಾಗ ಒಂದ ಜಾಲಿಗಿಡದ ಬುಡಕ ಬಿದ್ದ. ಸಾಕಾತು ದೇವರೇ, ನನ್ನ ಜೀವ ತಗೋ ಅಂದ. ಅಂದು ಮಕ್ಕೊಂಡ. ಆಗ ದೇವರು ಯಾರನ್ನ ಕಳಿಸಿದ?"

"ದೇವದೂತನ್ನ."

"ಏನ್ ಹೇಳಾಕ?"

ತುಳಜಾರಾಮ ಕೈ ಒರೆಸುವುದನ್ನು ನಿಲ್ಲಿಸಿ, "ಬೈಬಲ್ ಅದಲ್ಲ ಮನ್ಯಾಗ? ತಗದು ಓದು," ಎಂದ.

ಸತೀಶ ಹುಡುಕಿ ತೆಗೆದು ಮನಸ್ಸಿನಲ್ಲೇ ಓದಿದ.

"ಉಪದೇಶ ಮಾಡಿದನೇನು ದೇವದೂತ?" ಎಂದಳು ಬಾಳಮ್ಮ.

"ಇಲ್ಲ."

"ಬೈದನೇನು? ನಂಬಿಕಿ ಎಲ್ಲಿ ಹೋತು ನಿಂದು ಅಂತ?"

"ಇಲ್ಲ."

"ಮತ್ತೇನ್ ಮಾಡಿದ?"

"ಮುಟ್ಟಿ ಎಬ್ಬಿಸಿದ. ಎದ್ದು ಊಟ ಮಾಡು ಅಂದ. ಕೆಂಡದ ಮ್ಯಾಲ ಸುಟ್ಟ ರೊಟ್ಟಿ ಇತ್ತು, ಒಂದ ತಂಬಗಿ ನೀರು."

"ಆತಲ್ಲ. ಸ್ವರ್ಗದಿಂದ ಇಳದು ಬಂದಾಂವ ರೊಟ್ಟಿ ಸುಟ್ಟು ಕೊಟ್ಟ. ನಾವು ಮನ್ಯಾಗೇ ಇದ್ದು ಒಲಿ ಆರಿಸಿ ಕುಂತೀವಿ."

"ಆದ್ರ ಆಮ್ಯಾಲ ಅಂವ ನಲವತ್ತ ದಿನ ಉಣ್ಣದೆ ನಡದಾನವ್ವಾ. ಇಲ್ಲೇ ಬರದದ."

"ಉಂಡ ಮ್ಯಾಲ ಅಲ್ಲೇನೋ? ನನ್ನ ಮಗಳೂ ಮೊದಲ ಉಣ್ಣಲಿ. ಆಮ್ಯಾಲ ನಲವತ್ತ ದಿನ ಮಾಡಲಿ, ನಾಲ್ಕ ದಿನ ಮಾಡಲಿ."

ತುಳಜಾರಾಮ ಮೂಗಿನಲ್ಲಿ ನಕ್ಕ. ಎರಡು ತಿಂಗಳಲ್ಲಿ ಆ ಮನೆಯಲ್ಲಿ ಬಂದ ಮೊದಲ ನಗೆ ಅದು. ಹಿಂದೆಯೇ ಅವನಿಗೇ ತಪ್ಪು ಮಾಡಿದ ಹಾಗಾಗಿ ಎದ್ದು ಹೊರಗೆ ಹೋದ.

ಮರುದಿನ ಬಾಳಮ್ಮ ಜೊತೆಗಾರ್ತಿಗೆ ಹೇಳಿ ಶಾಲೆಗೆ ಹೋಗಲಿಲ್ಲ. ಗ್ಯಾಸು ಹಚ್ಚದೆ ಅಂಗಳದ ಕಟ್ಟಿಗೆ ಒಲೆ ಹೊತ್ತಿಸಿದಳು. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ರೊಟ್ಟಿ ಬಡಿದು, ಹಂಚಿನ ಮೇಲೆ ತಿರುವಿ, ಕೆಂಡಕ್ಕೆ ಒರಗಿಸಿ ಉಬ್ಬಿಸಿದಳು. ಒಂದೇ ರೊಟ್ಟಿ. ಒಂದು ತಂಬಿಗೆ ನೀರು. ಕಥೆಯಲ್ಲಿ ಇದ್ದದ್ದು ಅಷ್ಟೇ, ಅವಳು ಒಯ್ದದ್ದೂ ಅಷ್ಟೇ.

ಹೊರಸಿನ ಹತ್ತಿರ ಕೂತು ಮಗಳ ಭುಜ ಮುಟ್ಟಿದಳು.

"ಏಳವ್ವ. ಉಣ್ಣು."

ಧೈರ್ಯ ಇರಲಿ ಎನ್ನಲಿಲ್ಲ. ಮುಂದಿನ ವರ್ಷ ಎನ್ನಲಿಲ್ಲ. ರೊಟ್ಟಿ ಮುರಿದು ಕೈಗೆ ಕೊಟ್ಟು, ತಂಬಿಗೆ ಹಿಡಿದುಕೊಂಡು ಕೂತಳು. ಕಾಜಲ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ಆಮೇಲೆ ಒಂದು ತುತ್ತು ಬಾಯಿಗೆ ಹಾಕಿ ಅಗಿದಳು, ಬೇರೆ ಯಾರದೋ ಬಾಯಿ ಅಗಿಯುವ ಹಾಗೆ. ನೀರು ಕುಡಿದಳು. ಇನ್ನೊಂದು ತುತ್ತು. ಅರ್ಧ ರೊಟ್ಟಿಗೆ ಬಂದಾಗ ತಟ್ಟೆ ನೋಡಿದಳು.

"ಬರೇ ರೊಟ್ಟಿ ಏನವ್ವ? ಪಲ್ಯ ಇಲ್ಲೇನು?"

ಬಾಳಮ್ಮ ಹೇಗೆ ಎದ್ದಳೋ ಅವಳಿಗೇ ಗೊತ್ತಿಲ್ಲ. ಬುಟ್ಟಿಯಲ್ಲಿ ಎರಡು ಬದನೆಕಾಯಿ ಇದ್ದವು. ತುಳಜಾರಾಮ ಕೇಳದೆಯೇ ಉಳ್ಳಾಗಡ್ಡಿ ಹೆಚ್ಚಲು ಕೂತ, ಅಕ್ಷರ ಬರೆಯುವ ಹಾಗೆ ಒಂದೇ ಅಳತೆಯಲ್ಲಿ, ನಿಧಾನ.

"ಜಲ್ದಿ ಹೆಚ್ಚರಿ! ಲಾರಿ ಅಲ್ಲ ಅದು."

ಅದೇ ಹೊತ್ತಿಗೆ ಹೊರಗೆ ಚಪ್ಪಲಿಯ ಸದ್ದಾಯಿತು. ಹನ್ನೊಂದರ ಮಂದಿ. ಇಬ್ಬರು ಹೆಂಗಸರು, ಒಬ್ಬ ಗಂಡಸು, ಕೈಯಲ್ಲಿ ಎಣ್ಣೆ ಬಾಟಲಿ. ಸತೀಶ ತಾಯಿಯ ಮುಖ ನೋಡಿದ. ಬಾಳಮ್ಮ ಒಗ್ಗರಣೆಯ ಕಡೆ ತಿರುಗಿದಳು. ಕಟ್ಟಿದವನೇ ಬಿಚ್ಚಲಿ ಎಂಬುದು ಅವಳ ಮನಸ್ಸು.

ಸತೀಶ ಬಾಗಿಲಿಗೆ ಹೋಗಿ ನಿಂತ. "ಇವತ್ತ ಆಗೂದಿಲ್ಲರಿ."

"ಯಾಕ್ರಿ ಬ್ರದರ್? ಹುಡಗಿ ಊರಿಂದ ಬಂದೀವಿ. ಅಕ್ಕಾರು ಪ್ರಾರ್ಥನ್ಯಾಗ ಕುಂತಾರೇನು?"

"ಇಲ್ಲರಿ." ಅವನ ಕಿವಿ ಕೆಂಪಾಯಿತು. "ಅಕ್ಕ ಊಟ ಮಾಡಾಕತ್ತಾಳ."

"ಉಪವಾಸ?"

"ಉಪವಾಸ ಇದ್ದಿಲ್ಲರಿ. ಅಕಿಗಿ ಉಣ್ಣಾಕ ಆಗತಿದ್ದಿಲ್ಲ. ತಪ್ಪು ನಂದು. ನಾನೇ ಹಂಗ ತಿಳಕೊಂಡೆ, ನಾನೇ ಸುದ್ದಿ ಹಾಕಿದೆ."

ಹೊರಗಿನಿಂದ ಹಿರಿಯ ಹೆಂಗಸಿನ ದನಿ ಕೇಳಿಸಿತು: "ಕೂಸು ಹೋದಾಕಿ ಅಲ್ಲೇನು? ಉಣ್ಣಲಿ ಬಿಡ್ರಿ. ಮೊದಲ ಅದಾಗಲಿ."

ಗಂಡಸು ಮಾತ್ರ ಗೊಣಗುತ್ತ ಹೋದ. ಸತೀಶ ಅಲ್ಲೇ ಹೊಸ್ತಿಲ ಮೇಲೆ ಕೂತು ಫೋನಿನಲ್ಲಿ ಏನೋ ಬರೆದ, ಅಳಿಸಿದ, ಮತ್ತೆ ಬರೆದ, ಕಳಿಸಿದ.

ಪಲ್ಯ ಆಗುವ ಹೊತ್ತಿಗೆ ಕಾಜಲ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಉಳಿದ ಅರ್ಧ ರೊಟ್ಟಿ ತಟ್ಟೆಯಲ್ಲಿ ಬಿರುಸಾಗಿತ್ತು.

"ಮತ್ತ ಮಕ್ಕೊಂಡಳು," ಎಂದ ಸತೀಶ. ಅವನ ದನಿ ಅಳುವ ಹಾಗಿತ್ತು. "ಏನೂ ಆಗಲಿಲ್ಲ ಅವ್ವಾ."

"ಎಲೀಯನೂ ಮಕ್ಕೊಂಡಿದ್ದ, ಉಂಡು. ದೇವದೂತ ಎರಡನೇ ಸಲ ಬಂದ, ಏಳು, ಉಣ್ಣು, ಹಾದಿ ನಿನ್ನ ಶಕ್ತಿಗಿ ಮೀರಿದ್ದದ ಅಂದ. ಒಂದೇ ಸಲಕ್ಕ ಎದ್ದು ಓಡಿದನಂತ ಎಲ್ಲಿ ಬರದದ? ಪಲ್ಯ ಮುಚ್ಚಿಡು."

ಮಧ್ಯಾಹ್ನ ಯಶೋದಾಬಾಯಿಯ ಫೋನು. ಬ್ಯಾಗು ತುಂಬಿ ಆಯಿತೇ ಎಂದು ಕೇಳಿದಳು.

"ಈ ಐತವಾರ ಬ್ಯಾಡರಿ," ಎಂದಳು ಬಾಳಮ್ಮ. "ಅಕಿಗಿ ಆ ಹಾದಿ ಇನ್ನಾ ಆಗೂದಿಲ್ಲ."

"ಏನ್ ಹಾದಿರಿ? ಬಸ್ಸಿಗಿ ಕುಂತರ ತಾಸ ಹೊತ್ತಿಂದು."

"ಹೌದ್ರಿ, ತಾಸ ಹೊತ್ತಿಂದು. ಆದ್ರೂ ಅಕಿ ಶಕ್ತಿಗಿ ಮೀರಿದ್ದದ. ನೀವು ಬರ್ರಿ, ಉಂಡು ಹೋಗ್ರಿ. ಅಕಿ ಎದ್ದ ದಿನ ನಾನೇ ಕರಕೊಂಡ ಬರ್ತೀನಿ."

ತಾರೀಖು ಕೇಳಬೇಕೆಂದು ಬಾಯಿಗೆ ಬಂದದ್ದನ್ನು ಬೀಗತಿ ನುಂಗಿದ ಹಾಗಿತ್ತು. "ಆಗಲಿ. ಪುಂಡಿಪಲ್ಯ ತರ್ತೀನಿ. ಅಕಿಗಿ ಭಾಳ ಸೇರತದ," ಎಂದಳು.

ನಾಲ್ಕು ಗಂಟೆಗೆ ಬಾಳಮ್ಮ ಎರಡನೇ ರೊಟ್ಟಿ ಸುಟ್ಟಳು. ಈ ಸಲ ಜೊತೆಗೆ ಬದನೆಕಾಯಿ ಪಲ್ಯ, ಶೇಂಗಾದ ಹಿಂಡಿ. ಮತ್ತೆ ಭುಜ ಮುಟ್ಟಿದಳು.

"ಏಳವ್ವ, ಉಣ್ಣು. ಹಾದಿ ಭಾಳ ದೂರ ಅದ."

ಕಾಜಲ ಎದ್ದು ಕೂತಳು. "ಯಾವ ಹಾದಿ?"

"ಹುಮನಾಬಾದಿಂದು."

ಅದು ದೂರವೇನಲ್ಲ ಎಂದು ಇಷ್ಟು ದಿನ ಎಲ್ಲರೂ ಹೇಳಿದ್ದರು. ದೂರವಿದೆ ಎಂದವರು ಯಾರೂ ಇರಲಿಲ್ಲ. ಕಾಜಲ ತಾಯಿಯನ್ನು ನೇರವಾಗಿ ನೋಡಿದಳು.

"ಬರುವಾಗ ಬಸ್ಸಿನ್ಯಾಗ ಹೊಟ್ಟಿ ಮ್ಯಾಲ ಕೈ ಇಟ್ಟು ಕುಂತಿದ್ದೆ ಅವ್ವಾ. ಹೋಗುವಾಗ ಕೈ ಎಲ್ಲಿ ಇಡಲಿ?"

ಬಾಳಮ್ಮ ಕಳೆ ಕೀಳುತ್ತ ಕೇಳಿದ ಯಾವ ಕಥೆಯಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಮಗಳ ಎರಡೂ ಅಂಗೈ ಕೂಡಿಸಿ ಅದರಲ್ಲಿಟ್ಟಳು.

"ನನಗ ಗೊತ್ತಿಲ್ಲವ್ವ. ಸದ್ಯಕ್ಕ ಇದನ್ನ ಹಿಡಿ."

ಕಾಜಲ ಹಿಡಿದಳು. ತಿಂದಳು. ಅಳಲಿಲ್ಲ, ನಗಲಿಲ್ಲ. ಇಡೀ ರೊಟ್ಟಿ ಮುಗಿಯಲು ಅರ್ಧ ತಾಸು ಹಿಡಿಯಿತು. ಮುಗಿದ ಮೇಲೆ ತಟ್ಟೆಯನ್ನು ತಾನೇ ಕೆಳಗಿಟ್ಟು ಮಲಗಿದಳು. ಈ ಸಲ ಗೋಡೆಗಲ್ಲ, ಬಾಗಿಲಿಗೆ ಮುಖ ಮಾಡಿ.

ಹೊರಗೆ ಸತೀಶ ಕಾಯುತ್ತಿದ್ದ. "ಎಷ್ಟ ಉಂಡಳು?"

"ಪೂರಾ ಒಂದು."

"ಎರಡೂ ಸಲ ಆತು," ಎಂದ ಅವನು, ಲೆಕ್ಕ ಹಾಕುವವನ ಹಾಗೆ. "ಬೈಬಲ್ಲಿನ್ಯಾಗ ಎರಡೇ ಸಲ ಅದ ಅವ್ವಾ. ನಾಳಿಗಿ?"

ಬಾಳಮ್ಮ ಹಿಟ್ಟಿನ ಡಬ್ಬಿಯನ್ನು ಅವನ ಮುಂದೆ ಸರಿಸಿದಳು. "ನಾಳಿ ನನಗ ಸಾಲಿಗಿ ಹೋಗೂದದ. ಕೈ ತೊಳಕೊಂಡ ಬಾ. ರೊಟ್ಟಿ ಬಡಿಯೋದು ಕಲಸತೀನಿ."

ಅವನು ಬಡಿದ ಮೊದಲ ರೊಟ್ಟಿ ನಡುವೆ ಹರಿಯಿತು. ಎರಡನೆಯದೂ ಹರಿಯಿತು. ಬಾಳಮ್ಮ ಅವನ್ನು ಮತ್ತೆ ಮುದ್ದೆ ಮಾಡಿ ಅವನ ಕೈಗೇ ಕೊಟ್ಟಳು.